ನದೀಮೂಲ ಕೇಳಲೇಬೇಕು

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳು ಮತ್ತು ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳ ಸದಸ್ಯರಿಗೊಂದು ಬಹಿರಂಗ ಪತ್ರ



ಋಷಿಮೂಲ, ನದೀಮೂಲ ಕೇಳಬಾರದು ಎನ್ನುತ್ತಾರೆ. ಕೇಳುತ್ತ ಹೋದರೆ ದೊಡ್ಡ ಹೆಸರಿನ ಹಿಂದೆ ಏನು ಸಿಕ್ಕೀತೋ ಎಂಬ ದಾಕ್ಷಿಣ್ಯ ಆ ಮಾತಿನಲ್ಲಿದೆ. ವೃಷಭಾವತಿಯ ವಿಷಯದಲ್ಲಿ ಈ ದಾಕ್ಷಿಣ್ಯ ಇನ್ನು ಸಾಕು. ನಂಬಿಕೆಯ ಪ್ರಕಾರ ಆ ನದಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ. ಹೆಸರು ಬಂದದ್ದೂ ಹಾಗೆಯೇ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ ಹೋಗಿ ಆ ಬಸವಣ್ಣನಿಗೆ ಭಕ್ತಿಯಿಂದ ಕೈಮುಗಿಯುವ ನಾವೇ, ಮೈಸೂರು ರಸ್ತೆಯಲ್ಲಿ ಅದೇ ನದಿಯ ಪಕ್ಕ ಹಾಯುವಾಗ ಕಾರಿನ ಗಾಜು ಏರಿಸಿ ಮೂಗು ಮುಚ್ಚಿಕೊಳ್ಳುತ್ತೇವೆ. ಬಿರುಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಮಳೆ ಇಲ್ಲದ, ಊಟೆಗಳೆಲ್ಲ ಕಟ್ಟಡಗಳ ಅಡಿಗೆ ಸೇರಿಹೋದ ಊರಿನಲ್ಲಿ ಏಪ್ರಿಲ್ ತಿಂಗಳಲ್ಲೂ ನದಿಯೊಂದು ತುಂಬಿ ಹರಿಯುವುದಾದರೆ ಆ ನೀರು ಎಲ್ಲಿಂದ ಬಂತು? ಉತ್ತರ ನಮಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಅದು ನಮ್ಮ ಬಚ್ಚಲಿನಿಂದ, ಅಡುಗೆಮನೆಯ ಸಿಂಕಿನಿಂದ, ಫ್ಲಶ್‌ನಿಂದ ಬಂದದ್ದು. ವೃಷಭಾವತಿಯ ಇಂದಿನ ಮೂಲ ನಮ್ಮ ಮನೆ.

ಈ ಪತ್ರ ಇಡೀ ಬೆಂಗಳೂರಿಗಲ್ಲ, ನಿಮಗೆ. ಕಾರಣ ಸರಳ. ಒಳಚರಂಡಿಯೇ ಇಲ್ಲದ ಓಣಿಯಲ್ಲಿ, ಹತ್ತು ಮನೆಗೊಂದು ಶೌಚಾಲಯವಿರುವ ವಠಾರದಲ್ಲಿ ಬದುಕುವವರ ಮುಂದೆ ನಿಂತು ನದಿಯನ್ನು ಚೊಕ್ಕಟವಾಗಿಡಿ ಎಂದು ಉಪದೇಶಿಸುವುದು ಕ್ರೌರ್ಯ. ಅವರ ಕೈಯಲ್ಲಿ ಆಯ್ಕೆಯೇ ಇಲ್ಲ. ನಿಮಗೆ ಆಯ್ಕೆಯಿದೆ. ನಿಮ್ಮಲ್ಲಿ ಹಲವರ ಕಟ್ಟಡದ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ ಇದೆ; ಸಂಘಕ್ಕೆ ಬೈಲಾ ಇದೆ, ಖಜಾಂಚಿಯಿದ್ದಾರೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಕೆರೆಯಂಗಳಕ್ಕೆ ಹೋಗಿ ಪ್ಲಾಸ್ಟಿಕ್ ಹೆಕ್ಕುವವರೂ ನಿಮ್ಮಲ್ಲಿದ್ದಾರೆ. ಅವರ ಶ್ರಮವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಆದರೆ ದಡದ ಮೇಲಿನ ಬಾಟಲಿ ಕಣ್ಣಿಗೆ ಕಾಣುವ ಕೊಳಕು. ನದಿಯನ್ನು ಕೊಂದದ್ದು ಪೈಪಿನೊಳಗೆ ಕಾಣದಂತೆ ಹರಿದು ಹೋಗುವ ಕೊಳಕು. ನದಿಯ ಕುರಿತ ನಮ್ಮ ವೈಯಕ್ತಿಕ ಹೊಣೆ ದಡದಲ್ಲಿ ಆರಂಭವಾಗುವುದಲ್ಲ, ಬಚ್ಚಲ ಜಾಲರಿಯಲ್ಲಿ ಆರಂಭವಾಗುವಂಥದ್ದು ಎಂಬುದೊಂದೇ ನನ್ನ ವಾದ.

ಮೊದಲು ನಾವು ಕುಡಿಯುವ ನೀರಿನ ಲೆಕ್ಕ ನೋಡೋಣ. ಬೆಂಗಳೂರಿಗೆ ತನ್ನದೇ ಒಂದು ನದಿಯಿತ್ತು. 19ನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಕಟ್ಟಿದ ಮೇಲೆ ಅಲ್ಲಿಂದ, ಈ ಊರು ಅರ್ಕಾವತಿಯನ್ನು ಕುಡಿದು ಬೆಳೆಯಿತು. ನಂದಿಬೆಟ್ಟದಲ್ಲಿ ಹುಟ್ಟುವ ಆ ನದಿಯ ಜಲಾನಯನವನ್ನು ಬಡಾವಣೆ, ಬೋರ್‌ವೆಲ್, ನೀಲಗಿರಿ ತೋಪುಗಳು ನುಂಗಿದವು. ಉಳಿದಲ್ಲಿ ಕೊಳಚೆ ತುಂಬಿತು. 1974ರಲ್ಲಿ ಕಾವೇರಿಯ ಮೊದಲ ಹಂತ ಬಂತು, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಸೇರಿತು. ಇಂದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪು ಮಾಡಿ ತರುವ ನೀರಿನ ಸಾಮರ್ಥ್ಯ ದಿನಕ್ಕೆ 222 ಕೋಟಿ ಲೀಟರ್ ದಾಟಿದೆ. ಒಂದು ನದಿಯನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕಿದ ಊರು ನಮ್ಮದು. ಎರಡನೆಯದರ ಜೊತೆ ಹೇಗೆ ನಡೆದುಕೊಳ್ಳುತ್ತಿದ್ದೇವೆ? ಮನೆಗೆ ಬಂದ ನೀರಿನಲ್ಲಿ ಹೆಚ್ಚುಕಡಿಮೆ ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸಾಮಾನ್ಯ ಲೆಕ್ಕ. ವೃಷಭಾವತಿ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಂದರೆ ಕಾವೇರಿಯಿಂದ ತಂದದ್ದರಲ್ಲಿ ಒಂದು ಪಾಲನ್ನು ಕಾವೇರಿಗೇ ಹಿಂತಿರುಗಿಸುತ್ತಿದ್ದೇವೆ, ಎಂಜಲು ಮಾಡಿ.

ಇದು ಬರೀ ಮಾತಿನ ಚಮತ್ಕಾರವಲ್ಲ, ಕಾನೂನಿನ ಲೆಕ್ಕವೂ ಹೌದು. ಕಾವೇರಿ ಜಲವಿವಾದ ನ್ಯಾಯಮಂಡಳಿ ತನ್ನ 2007ರ ಅಂತಿಮ ತೀರ್ಪಿನಲ್ಲಿ ಕುಡಿಯುವ ನೀರಿನ ಪಾಲನ್ನು ಲೆಕ್ಕ ಹಾಕಿದ್ದು ಹೀಗೆ: ಊರಿಗೆ ಎತ್ತಿದ ನೀರಿನಲ್ಲಿ ನಿಜವಾಗಿ ಖರ್ಚಾಗುವುದು ಶೇ 20 ಮಾತ್ರ, ಉಳಿದದ್ದು ನದಿಗೆ ಮರಳುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟಾಗ ಅದರಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ಕೊಟ್ಟಿತು. ಆ ದಿನ ನಾವು ಸಂಭ್ರಮಿಸಿದೆವು. ನೀರಿಗಾಗಿ ಬಂದ್ ಮಾಡಿದವರು, ಟಿಎಂಸಿಯ ದಶಾಂಶಗಳನ್ನು ಬಾಯಿಪಾಠ ಮಾಡಿಕೊಂಡವರು, ಮರಳಿಸುವ ಆ ಶೇ 80ರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರವಲು ತಂದ ಪಾತ್ರೆಯನ್ನು ಬೆಳಗಿ ಕೊಡುವುದು ನಮ್ಮ ಮನೆಗಳ ಮರ್ಯಾದೆ. ಬರಿದಾಗಿ ಕೊಡಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು ಕೊಡುವವರೂ ಇದ್ದಾರೆ. ನದಿಯ ವಿಷಯಕ್ಕೆ ಬಂದಾಗ ಪಾತ್ರೆಗೆ ಮುಸುರೆ ತುಂಬಿ ಕಳಿಸುತ್ತಿದ್ದೇವೆ.

ಇಷ್ಟು ಹೇಳಿದ ಕೂಡಲೇ ಎದುರಾಗುವ ಮೊದಲ ಆಕ್ಷೇಪ ನನಗೆ ಗೊತ್ತು. ನದಿ ಕೆಡಿಸಿದ್ದು ಕಾರ್ಖಾನೆಗಳು, ಪೀಣ್ಯದ ಆಸಿಡ್ಡಿನ ಮುಂದೆ ನಮ್ಮ ಸ್ನಾನದ ನೀರೊಂದು ಲೆಕ್ಕವೇ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಲೋಹ ಲೇಪಿಸುವ, ಬಣ್ಣ ಹಾಕುವ ಘಟಕಗಳಿಂದ ಕದ್ದು ಬಿಡುವ ನೀರು ಪ್ರಮಾಣದಲ್ಲಿ ಸಣ್ಣದಿದ್ದರೂ ವಿಷದಲ್ಲಿ ದೊಡ್ಡದು. ಅದನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಅವರ ಮೇಲೆ ಕ್ರಮ ಆಗಲೇಬೇಕು. ಆದರೆ ಪ್ರಮಾಣದ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ವರದಿಯಂತೆ ದೇಶದ ನಗರಗಳು ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟಿಸುತ್ತವೆ. ನಿಜಕ್ಕೂ ಶುದ್ಧವಾಗುವುದು 20,236 ದಶಲಕ್ಷ ಲೀಟರ್. ಹತ್ತು ಕೊಡ ಕೊಳಚೆಯಲ್ಲಿ ಮೂರು ಕೊಡವೂ ಶುದ್ಧವಾಗುತ್ತಿಲ್ಲ. ಅದೇ ಮಂಡಳಿ 2022ರಲ್ಲಿ ಪಟ್ಟಿ ಮಾಡಿದಂತೆ ದೇಶದ 279 ನದಿಗಳಲ್ಲಿ 311 ಹರಹುಗಳು ಕಲುಷಿತ. ಆ ಪಟ್ಟಿಗೆ ಅಳತೆಗೋಲು ಬಿಒಡಿ, ಅಂದರೆ ಕೊಳೆಯುವ ವಸ್ತುವನ್ನು ಜೀರ್ಣಿಸಿಕೊಳ್ಳಲು ನೀರಿಗೆ ಬೇಕಾಗುವ ಆಮ್ಲಜನಕ. ಕೊಳೆಯುವ ವಸ್ತು ಎಂದರೆ ಮುಖ್ಯವಾಗಿ ಮಲಮೂತ್ರ, ಅನ್ನದ ಗಂಜಿ, ಮುಸುರೆ, ಸೋಪು. ಕಾರ್ಖಾನೆ ನದಿಗೆ ವಿಷ ಹಾಕಿದ್ದು ನಿಜ. ನದಿಯ ಉಸಿರು ಕಟ್ಟಿಸಿದ್ದು ಮಾತ್ರ ಹೆಚ್ಚಾಗಿ ನಾವು. ಒಬ್ಬನ ತಪ್ಪು ಇನ್ನೊಬ್ಬನ ರಹದಾರಿಯಾಗಲಾರದು.

ಈಗ ನಿಮ್ಮ ನೆಲಮಾಳಿಗೆಗೆ ಇಳಿಯೋಣ. ಇನ್ನೂರು ಮನೆಗಳ ಒಂದು ಸಮುಚ್ಚಯ, ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕ ಹಿಡಿದರೆ 1,08,000 ಲೀಟರ್ ನೀರು ಒಳಗೆ ಬರುತ್ತದೆ, ಸುಮಾರು 86,000 ಲೀಟರ್ ಕೊಳಚೆಯಾಗಿ ಕೆಳಗಿಳಿಯುತ್ತದೆ. ದೊಡ್ಡ ಟ್ಯಾಂಕರ್ ಲಾರಿಗಳಲ್ಲಿ ತುಂಬಿದರೆ ದಿನಕ್ಕೆ ಏಳು ಲೋಡು. ಅದು ಮೊದಲು ಕಬ್ಬಿಣದ ಜಾಲರಿ ದಾಟುತ್ತದೆ. ಕೂದಲು, ಬಟ್ಟೆ, ಪ್ಲಾಸ್ಟಿಕ್ಕು ಅಲ್ಲಿ ನಿಲ್ಲುತ್ತದೆ. ಆಮೇಲೆ ಗಾಳಿಯೂದುವ ತೊಟ್ಟಿ. ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಯಂತ್ರವಲ್ಲ, ಈ ತೊಟ್ಟಿಯಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು. ಬ್ಲೋವರ್ ಎಂಬ ಯಂತ್ರ ಅವುಗಳಿಗೆ ಉಸಿರು ಕೊಡುತ್ತದೆ ಅಷ್ಟೇ. ಆರೋಗ್ಯವಾಗಿರುವ ತೊಟ್ಟಿಯ ಬಣ್ಣ ಡಿಕಾಕ್ಷನ್ ಹೆಚ್ಚಾದ ಕಾಫಿಯಂತೆ ಕಂದು, ವಾಸನೆ ಮೊದಲ ಮಳೆಗೆ ನೆನೆದ ಮಣ್ಣಿನಂತೆ. ಕರೆಂಟ್ ಬಿಲ್ಲು ಉಳಿಸಲೆಂದು ರಾತ್ರಿಯಿಡೀ ಬ್ಲೋವರ್ ನಿಲ್ಲಿಸಿದರೆ ಬ್ಯಾಕ್ಟೀರಿಯಾಗಳು ಉಸಿರುಗಟ್ಟುತ್ತವೆ, ನೀರು ಕಪ್ಪಗಾಗುತ್ತದೆ, ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಮರುದಿನ ಫ್ಲಶ್ಶಿನಲ್ಲಿ ಹಳದಿ ನೀರು ಬರುತ್ತಿದೆ ಎಂದು ಮೂರನೇ ಮಹಡಿಯಿಂದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು. ದೂರು ಹೆಚ್ಚಾದರೆ ಸಂಘ ಕಂಡುಕೊಳ್ಳುವ ಸುಲಭದ ಪರಿಹಾರವೆಂದರೆ ಒಂದು ಬೈಪಾಸ್ ಪೈಪು. ಮಳೆ ಬಂದ ರಾತ್ರಿ ವಾಲ್ವ್ ತಿರುಗಿಸಿದರೆ ಎಲ್ಲವೂ ರಾಜಕಾಲುವೆಗೆ. ಯಾರೂ ನೋಡಲಿಲ್ಲ, ಯಾರಿಗೂ ತೊಂದರೆಯಾಗಲಿಲ್ಲ, ಬಿಲ್ಲೂ ಕಡಿಮೆಯಾಯಿತು. ಇಡೀ ನದಿಯ ಕಥೆ ಆ ಒಂದು ವಾಲ್ವಿನಲ್ಲಿದೆ.

ಬ್ಲೋವರ್ ನಡೆಸಿದರೂ ಸಾಲದು, ಏಕೆಂದರೆ ಮೇಲಿನ ಮನೆಗಳಿಂದ ಏನು ಇಳಿದು ಬರುತ್ತದೆ ಎಂಬುದನ್ನು ಕೆಳಗಿನ ತೊಟ್ಟಿ ತೀರ್ಮಾನಿಸಲಾರದು. ಹಬ್ಬಕ್ಕೆ ಕರಿಗಡುಬು, ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಅದು ಸೋಪಿನ ಜಿಡ್ಡಿನೊಂದಿಗೆ ಸೇರಿ ಪೈಪಿನ ಒಳಗೋಡೆಗೆ ಮೇಣದಂತೆ ಅಂಟುತ್ತದೆ; ತೊಟ್ಟಿಗಿಳಿದ ಪಾಲು ಮೇಲೆ ತೇಲಿ ಬ್ಯಾಕ್ಟೀರಿಯಾಗಳಿಗೆ ಗಾಳಿ ತಾಗದಂತೆ ಮಾಡುತ್ತದೆ. ಟಾಯ್ಲೆಟ್ ಹೊಳೆಯಲೆಂದು ಸುರಿಯುವ ಆಸಿಡ್ಡು, ಬ್ಲೀಚು, ಅಗತ್ಯಕ್ಕಿಂತ ನಾಲ್ಕು ಪಟ್ಟು ಹಾಕುವ ಫಿನಾಯಿಲ್ ಕೊಲ್ಲುವುದು ಮನೆಯ ಕ್ರಿಮಿಗಳನ್ನಷ್ಟೇ ಅಲ್ಲ, ತೊಟ್ಟಿಯ ಕೆಲಸಗಾರ ಕ್ರಿಮಿಗಳನ್ನೂ. ಅವಧಿ ಮುಗಿದ ಮಾತ್ರೆಗಳನ್ನು ಫ್ಲಶ್ ಮಾಡುವವರಿದ್ದಾರೆ. ಸಾಮಾನ್ಯ ಶುದ್ಧೀಕರಣ ಘಟಕವನ್ನು ಔಷಧ ತೆಗೆಯಲೆಂದು ಕಟ್ಟಿರುವುದಿಲ್ಲ. ಮದ್ರಾಸ್ ಐಐಟಿಯ ಸಂಶೋಧಕರು ಕಾವೇರಿಯ ನೀರನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧಗಳ ಅಂಶ, ಸೌಂದರ್ಯ ಸಾಧನಗಳ ರಾಸಾಯನಿಕ, ಕೀಟನಾಶಕ, ಭಾರಲೋಹ ಎಲ್ಲವೂ ಕಂಡಿದ್ದವು. ಇನ್ನು ಬಟ್ಟೆ ಒಗೆಯುವ ಪುಡಿ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಎದ್ದ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2015ರಿಂದ 2018ರ ನಡುವೆ ಬೆಳ್ಳಂದೂರು ಕೆರೆಗೆ ಮತ್ತೆ ಮತ್ತೆ ಬೆಂಕಿ ಬಿದ್ದದ್ದನ್ನು ಜಗತ್ತೇ ನೋಡಿತು. ಕೊಳಚೆ ತುಂಬಿದ ನೀರು ಕೋಡಿಯಲ್ಲಿ ಧುಮುಕುವಾಗ ಡಿಟರ್ಜೆಂಟು ನೊರೆಯಾಗುತ್ತದೆ. ಕೆರೆ ಕೆಟ್ಟಿತೆಂದು ಫೋಟೊ ತೆಗೆದು ಹಂಚಿದವರ ಅಂಗಿ ಆ ದಿನವೂ ಬೆಳ್ಳಗಿತ್ತು. ಅದು ಬೆಳ್ಳಗಾದದ್ದು ಯಾವ ನೊರೆಯಿಂದ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ನಮ್ಮ ಪೈಪಿನ ಆಚೆ ತುದಿಯಲ್ಲಿ ಮನುಷ್ಯರಿದ್ದಾರೆ ಎಂಬುದನ್ನು ಮರೆಯುವುದು ಸುಲಭ. ಮೊದಲ ಮನುಷ್ಯ ತೀರ ಹತ್ತಿರದಲ್ಲೇ ಇದ್ದಾನೆ. ವೆಟ್ ವೈಪ್ಸ್, ಡೈಪರ್, ಪ್ಯಾಡ್‌ಗಳನ್ನು ಕಮೋಡಿಗೆ ಹಾಕಿದಾಗ ಎಲ್ಲೋ ಒಂದು ಕಡೆ ಗಂಟು ಕಟ್ಟುತ್ತದೆ, ಅದನ್ನು ಬಿಡಿಸಲು ಒಬ್ಬನನ್ನು ಕರೆಸಲಾಗುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಳಿದು ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಯಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಎರಡನೆಯ ಮನುಷ್ಯ ಬೈರಮಂಗಲದ ರೈತ. ಹಿಂದೆ ಭತ್ತ ಬೆಳೆಯುತ್ತಿದ್ದ ಕೆರೆಯ ಕೆಳಗೆ ಅವನೀಗ ಹೆಚ್ಚಾಗಿ ಸೀಮೆಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತಾನೆ, ಏಕೆಂದರೆ ಅವು ಆ ನೀರನ್ನು ತಾಳಿಕೊಳ್ಳುವ ಬೆಳೆಗಳು. ಹುಲ್ಲು ಹಸುವಿಗೆ, ಹಾಲು ಮತ್ತೆ ಪೇಟೆಗೆ. ಮೂರನೆಯವರು ಕೋಲಾರದವರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಅಲ್ಲಿನ ಬತ್ತಿದ ಕೆರೆಗಳಿಗೆ 2018ರಲ್ಲಿ ಹರಿಸತೊಡಗಿದ ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಂಡು ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನಾಲ್ಕನೆಯವರು ತಮಿಳುನಾಡಿನವರು. ಊರಿನ ಇನ್ನೊಂದು ಪಾಲು ಕೊಳಚೆ ಸೇರುವ ದಕ್ಷಿಣ ಪಿನಾಕಿನಿಯಲ್ಲಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ನೊರೆ ಇಳಿಯುತ್ತದೆ; ಕಾವೇರಿ ಮತ್ತು ಪಿನಾಕಿನಿಗೆ ಕರ್ನಾಟಕ ಕೊಳಚೆ ಬಿಡುತ್ತಿದೆ ಎಂದು ಆ ರಾಜ್ಯ 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನೀರಿನ ಪಾಲಿನ ಬಗ್ಗೆ ನಮ್ಮ ವಾದ ಎಷ್ಟೇ ಗಟ್ಟಿಯಿರಲಿ, ಈ ದೂರಿಗೆ ಮರುಮಾತಾಡಲು ನಮ್ಮಲ್ಲಿ ಮುಖವಿಲ್ಲ.

ಎರಡನೇ ಆಕ್ಷೇಪ ಖಜಾಂಚಿಗಳದು. ನಾವು ತೆರಿಗೆ ಕಟ್ಟುತ್ತೇವೆ, ಜಲಮಂಡಳಿಯ ಬಿಲ್ಲಿನಲ್ಲಿ ಒಳಚರಂಡಿಗೂ ಶುಲ್ಕವಿದೆ. ಕೊಳಚೆ ಶುದ್ಧ ಮಾಡುವುದು ಮಂಡಳಿಯ ಕೆಲಸ. ಬಿಲ್ಡರ್ ಕಳಪೆ ಎಸ್‌ಟಿಪಿ ಕಟ್ಟಿ ಕೈತೊಳೆದುಕೊಂಡ, ನಿಯಮಗಳು ಪದೇಪದೇ ಬದಲಾದವು, ಐವತ್ತು ಮನೆಗಳಿಗೊಂದು ಪುಟ್ಟ ಘಟಕ ನಡೆಸುವುದು ಯಾವ ನ್ಯಾಯ? ಈ ಅಳಲಿನಲ್ಲಿ ಹುರುಳಿದೆ. ಸಾವಿರಾರು ಪುಟ್ಟ ಘಟಕಗಳನ್ನು ಜನರ ತಲೆಗೆ ಕಟ್ಟುವುದಕ್ಕಿಂತ ಕಣಿವೆಗೊಂದು ದೊಡ್ಡ ಘಟಕ ನಡೆಸುವುದೇ ಜಾಣತನ ಎಂಬ ವಾದವನ್ನು ನೀವು ಮಂಡಿಸಬಹುದು, ಮಂಡಿಸಲೇಬೇಕು. ಆದರೆ ಆ ವಾದ ನಿಮ್ಮನ್ನು ಕೊಂಡೊಯ್ಯುವುದು ಎರಡೇ ದಾರಿಗೆ: ಹಣ ಕಟ್ಟಿ ಮಂಡಳಿಯ ಒಳಚರಂಡಿಗೆ ಸರಿಯಾದ ಸಂಪರ್ಕ ಪಡೆಯುವುದು, ಅದಾಗುವವರೆಗೆ ನಿಮ್ಮ ಘಟಕವನ್ನು ರಿಪೇರಿ ಮಾಡಿಸಿ ನಡೆಸುವುದು. ರಾಜಕಾಲುವೆ ಮೂರನೇ ದಾರಿಯಲ್ಲ. ಅದು ಮಳೆನೀರಿಗೆಂದು ಇರುವುದು. ತೆರಿಗೆಯ ವಿಷಯಕ್ಕೂ ಇದೇ ಉತ್ತರ. ಶುಲ್ಕ ಕಟ್ಟಿ ನಾವು ಕೊಂಡಿರುವುದು ಕೊಳವೆ ಮತ್ತು ಘಟಕದ ಸೇವೆಯನ್ನು. ಎಣ್ಣೆ, ಮಾತ್ರೆ, ಡೈಪರ್ ಎಲ್ಲವನ್ನೂ ಅದರಲ್ಲಿ ತಳ್ಳುವ ಹಕ್ಕನ್ನಲ್ಲ. ಬಸ್ಸಿನ ಟಿಕೆಟ್ ಕೊಂಡವನಿಗೆ ಸೀಟು ಹರಿಯುವ ಅಧಿಕಾರ ಬರುವುದಿಲ್ಲ. ಇನ್ನೊಂದು ವಿಷಯ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಜೋಡಿಸಿದ ಮನೆಗಳು ಊರಲ್ಲಿ ಎಷ್ಟೋ ಇವೆ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೂ ರಾಜಕಾಲುವೆಗೂ ಬರುವುದಕ್ಕೆ ಇದೂ ಒಂದು ಕಾರಣ. ಅದನ್ನು ಮಂಡಳಿ ಜೋಡಿಸಿದ್ದಲ್ಲ.

ಮೂರನೇ ಆಕ್ಷೇಪ ಸಾಮಾನ್ಯವಾಗಿ ನಿಟ್ಟುಸಿರಿನ ರೂಪದಲ್ಲಿ ಬರುತ್ತದೆ: ಒಂದೂಕಾಲು ಕೋಟಿಗೂ ಹೆಚ್ಚು ಜನರ ಊರಲ್ಲಿ ನನ್ನೊಬ್ಬನ ಮನೆಯಿಂದ ಏನಾದೀತು? ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯದ ಪಾಠಕ್ಕೆ ಬಳಸುತ್ತೇವೆ. ವೃಷಭಾವತಿಯಲ್ಲಿ ಅದು ಅಕ್ಷರಶಃ ನಿಜ. ಹಿಮಾಲಯದ ನದಿಗೆ ನೀವು ಸುರಿಯುವ ಒಂದು ಬಕೆಟ್ ಕೊಳಕನ್ನು ತೊಳೆಯಲು ಹಿಮದ ನೀರಿದೆ. ಮಲೆನಾಡಿನ ಹೊಳೆಗೆ ನಾಲ್ಕು ತಿಂಗಳ ಮಳೆಯಿದೆ. ನಮ್ಮ ನದಿಗೆ ಬೇಸಿಗೆಯಲ್ಲಿ ನಮ್ಮ ನೀರು ಬಿಟ್ಟರೆ ಹೆಚ್ಚುಕಡಿಮೆ ಬೇರೆ ನೀರೇ ಇಲ್ಲ. ಹಾಗಾಗಿ ಇಲ್ಲಿ ನಿಮ್ಮ ಪಾಲು ಸಮುದ್ರಕ್ಕೆ ಬಿದ್ದ ಹನಿಯಲ್ಲ; ನದಿ ಎಂದರೆ ಬಹುಪಾಲು ನಿಮ್ಮಂಥ ಮನೆಗಳ ಮೊತ್ತ. ಒಂದು ಸಮುಚ್ಚಯ ದಿನಕ್ಕೆ 86,000 ಲೀಟರ್ ಶುದ್ಧ ನೀರು ಬಿಟ್ಟರೆ ನದಿಯಲ್ಲಿ ಅಷ್ಟು ಶುದ್ಧ ನೀರು ಹರಿಯಿತು ಎಂದೇ ಲೆಕ್ಕ. ದೇಶದಲ್ಲಿ ಒಬ್ಬೊಬ್ಬ ನಾಗರಿಕನ ನಡತೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ನದಿಗಳು ಹೆಚ್ಚಿರಲಾರವು. ನದಿಯನ್ನು ಪೂರ್ತಿ ಕೆಡಿಸಲು ಸಾಧ್ಯವಾದದ್ದು ಯಾವ ಕಾರಣಕ್ಕೋ, ಪೂರ್ತಿ ತಿಳಿಯಾಗಿಸುವುದು ಸಾಧ್ಯವಿರುವುದೂ ಅದೇ ಕಾರಣಕ್ಕೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ವೈಯಕ್ತಿಕ ಹೊಣೆ ಎಂಬ ಮಾತೇ ಸರ್ಕಾರಕ್ಕೆ, ಉದ್ಯಮಕ್ಕೆ ಜಾರಿಕೊಳ್ಳಲು ಕೊಟ್ಟ ಕಿಂಡಿ. ಜನ ಒಗೆಯುವ ಪುಡಿ ಅಳೆದು ಹಾಕುತ್ತ ಕೂತರೆ ಪೀಣ್ಯದ ಪೈಪು, ಅರ್ಧಕ್ಕೆ ನಿಂತ ಒಳಚರಂಡಿ ಕಾಮಗಾರಿ ಹಾಗೇ ಉಳಿಯುತ್ತವೆ. ಹಾಗೆ ಆಗಿರುವುದೂ ಉಂಟು, ಆದ್ದರಿಂದ ಎಚ್ಚರ ಬೇಕು. ಆದರೆ ಒಂದನ್ನು ಗಮನಿಸಿ. ತನ್ನ ಕಟ್ಟಡದ ಎಸ್‌ಟಿಪಿ ದಿನಕ್ಕೆ ಎಷ್ಟು ತಾಸು ನಡೆಯುತ್ತದೆ, ಹೊರಬಿಡುವ ನೀರಿನ ಬಿಒಡಿ ಎಷ್ಟು ಎಂದು ಗೊತ್ತಿರುವವನು ಮಾತ್ರ ಜಲಮಂಡಳಿಯ ಘಟಕದ ಬಗ್ಗೆ ಅದೇ ಪ್ರಶ್ನೆಯನ್ನು ಅಧಿಕಾರಿಯ ಮುಂದಿಡಬಲ್ಲ. ಗೊತ್ತಿಲ್ಲದವನು ‘ನದಿ ಉಳಿಸಿ’ ಎಂದು ಕೂಗಬಲ್ಲ ಅಷ್ಟೇ. ಕೂಗಿಗೆ ಯಾವ ಇಲಾಖೆಯೂ ಹೆದರುವುದಿಲ್ಲ, ಲೆಕ್ಕ ಕೇಳಿದರೆ ಹೆದರುತ್ತದೆ. ಜೊತೆಗೆ, ಸ್ವಂತ ವಾಲ್ವನ್ನು ಕದ್ದು ತಿರುಗಿಸುವ ಸಂಘ ಕಾರ್ಖಾನೆಯ ವಿರುದ್ಧ ದೂರು ಕೊಡಲು ಹೋಗುವುದಿಲ್ಲ, ಏಕೆಂದರೆ ತಪಾಸಣೆ ತನ್ನ ನೆಲಮಾಳಿಗೆಗೂ ಬಂದೀತೆಂಬ ಅಳುಕು ಅದಕ್ಕಿದೆ. ಮನೆಯವರ ತಪ್ಪು ಉದ್ಯಮಕ್ಕೆ ರಕ್ಷೆ, ಉದ್ಯಮದ ತಪ್ಪು ಮನೆಯವರಿಗೆ ಸಮಾಧಾನ. ಈ ಒಳಒಪ್ಪಂದ ಮುರಿಯಬೇಕಾದರೆ ಯಾರಾದರೂ ಒಬ್ಬರು ಮೊದಲು ಶುದ್ಧರಾಗಬೇಕು. ಕಾನೂನೂ ನಾಗರಿಕನನ್ನು ಹೊರಗಿಟ್ಟಿಲ್ಲ. ಸಂವಿಧಾನದ 51ಎ ವಿಧಿ ನದಿ, ಕೆರೆಗಳ ರಕ್ಷಣೆಯನ್ನು ಪ್ರತಿಯೊಬ್ಬನ ಕರ್ತವ್ಯ ಎಂದಿದೆ. 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಂ ತೊರೆಗೆ, ಬಾವಿಗೆ, ಒಳಚರಂಡಿಗೆ ಗೊತ್ತಿದ್ದೂ ಕೊಳಕು ಬಿಡುವುದನ್ನು ನಿಷೇಧಿಸುವಾಗ ‘ಯಾವ ವ್ಯಕ್ತಿಯೂ’ ಎಂದೇ ಹೇಳುತ್ತದೆ, ಕಾರ್ಖಾನೆ ಎಂದು ಮಾತ್ರ ಹೇಳುವುದಿಲ್ಲ.

ಹಾಗಾದರೆ ನಿಮ್ಮಿಂದ ನಾನು ಕೇಳುವುದೇನು? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಪಾರ್ಕಿಂಗ್, ಪೇಂಟಿಂಗ್ ವಿಷಯಗಳಿಗಿಂತ ಮೊದಲು ಒಂದು ಪ್ರಶ್ನೆ ಇಡಿ: ನಮ್ಮ ಕೊಳಚೆ ಈಗ ಎಲ್ಲಿಗೆ ಹೋಗುತ್ತಿದೆ? ಬಾಯಿಮಾತಿನ ಉತ್ತರ ಬೇಡ, ಪೈಪಿನ ಬಾಯಿಯವರೆಗೆ ಹೋಗಿ ನೋಡಿ. ರಾಜಕಾಲುವೆಗೆ ತೆರೆಯುವ ಬೈಪಾಸ್ ಇದ್ದರೆ ಬೀಗ ಹಾಕುವುದಲ್ಲ, ಸಿಮೆಂಟು ಹಾಕಿ ಮುಚ್ಚಿ. ಬ್ಲೋವರ್ ನಡೆದ ತಾಸು, ಹೊರಬಿಟ್ಟ ನೀರಿನ ಪರೀಕ್ಷೆಯ ಫಲಿತಾಂಶ ಎರಡನ್ನೂ ಪ್ರತಿ ತಿಂಗಳು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚಿ. ಎಸ್‌ಟಿಪಿ ಆಪರೇಟರ್‌ಗೆ ತರಬೇತಿ ಕೊಡಿಸಿ, ಸರಿಯಾದ ಸಂಬಳ ಕೊಡಿ, ಅವನನ್ನು ಎಂದೂ ತೊಟ್ಟಿಗಿಳಿಸಬೇಡಿ. ಕರಿದ ಎಣ್ಣೆಗೆ ಗೇಟಿನ ಬಳಿ ಒಂದು ಕ್ಯಾನ್ ಇಡಿ, ಕೊಳ್ಳುವವರಿದ್ದಾರೆ. ಒಗೆಯುವ ಪುಡಿಯನ್ನು ಅಳತೆ ಚಮಚದಲ್ಲಿ ಹಾಕುವುದು, ತಟ್ಟೆಯ ಎಂಜಲನ್ನು ಹಸಿಕಸಕ್ಕೆ ಬಳಿದ ಮೇಲೆ ತೊಳೆಯುವುದು, ಪ್ಯಾಡು–ಡೈಪರನ್ನು ಸುತ್ತಿ ಬೇರೆ ಕೊಡುವುದು, ಇವಕ್ಕೆ ಕಾಸಿನ ಖರ್ಚಿಲ್ಲ. ತಾರಸಿಯ ನೀರನ್ನು ಇಂಗುಗುಂಡಿಗೆ ತಿರುಗಿಸಿ. ಶುದ್ಧವಾದ ನೀರನ್ನು ಫ್ಲಶ್ಶಿಗೆ, ಗಿಡಕ್ಕೆ ಬಳಸಿ. 2024ರ ಬರಗಾಲದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ ನಾವೆಲ್ಲ ಇದನ್ನು ಕೆಲವು ವಾರ ಕಲಿತಿದ್ದೆವು, ಮಳೆ ಬಂದ ಕೂಡಲೇ ಮರೆತೆವು. ಈ ಎಲ್ಲ ಕೆಲಸಗಳ ಖರ್ಚು ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ಹಂಚಿ ನೋಡಿ. ಕ್ಲಬ್ ಹೌಸಿಗೆ, ಈಜುಕೊಳಕ್ಕೆ ನೀವು ಕೊಡುತ್ತಿರುವುದರ ಪಕ್ಕದಲ್ಲಿ ಆ ಅಂಕಿಯನ್ನಿಟ್ಟು ತೀರ್ಮಾನ ಮಾಡಿ.

ಇಷ್ಟಾದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯಬಹುದು. ನಾವು ಕುಡಿಯುವ ನೀರನ್ನು ಎತ್ತುವುದು ಶಿವನಸಮುದ್ರದ ಹತ್ತಿರ. ನಮ್ಮ ಕೊಳಚೆ ಕಾವೇರಿ ಸೇರುವುದು ಅದಕ್ಕಿಂತ ಎಷ್ಟೋ ಕೆಳಗೆ, ಸಂಗಮದಲ್ಲಿ. ನಮ್ಮ ಕೊಳಕು ನಮ್ಮ ನಲ್ಲಿಗೆ ಬರುವುದಿಲ್ಲ, ಮೆಟ್ಟೂರಿಗೆ ಹೋಗುತ್ತದೆ. ನಿಜ, ಸದ್ಯಕ್ಕೆ ನಿಜ. ಸಂಗಮದಿಂದ ನಾಲ್ಕೈದು ಕಿಲೋಮೀಟರ್ ಕೆಳಗೆ ಬಂಡೆಗಳ ನಡುವೆ ಕಾವೇರಿ ಕಿರಿದಾಗಿ ಧುಮುಕುವ ಜಾಗವಿದೆ. ಅದರ ಹೆಸರು ಮೇಕೆದಾಟು. ಅಲ್ಲಿ 67 ಟಿಎಂಸಿಯ ಸಮತೋಲನ ಜಲಾಶಯ ಕಟ್ಟಬೇಕೆಂದು ಕರ್ನಾಟಕ ವರ್ಷಗಳಿಂದ ಪಟ್ಟುಹಿಡಿದಿದೆ. ಅದರ ಮುಖ್ಯ ಉದ್ದೇಶಗಳಲ್ಲೊಂದು ಬೆಂಗಳೂರಿಗೆ ಕುಡಿಯುವ ನೀರು. ಅಣೆಕಟ್ಟು ಸಂಗಮದ ಕೆಳಗೆ ಬರುತ್ತದೆ, ಅಂದರೆ ಅರ್ಕಾವತಿ ಹೊತ್ತು ತರುವ ವೃಷಭಾವತಿ, ವೃಷಭಾವತಿ ಹೊತ್ತು ತರುವ ನಮ್ಮ ಬಚ್ಚಲು, ಆ ಜಲಾಶಯದಲ್ಲೇ ತಂಗುತ್ತವೆ. ಆ ಯೋಜನೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆದರೆ ಅದಕ್ಕಾಗಿ ಪಾದಯಾತ್ರೆ ಮಾಡಿದವರೂ ಮಾಡದವರೂ ಒಮ್ಮೆ ಯೋಚಿಸಬೇಕು. ಕೆಳಗಿನವರ ಗತಿ ಏನೆಂದು ಇಷ್ಟು ವರ್ಷ ಕೇಳದೇ ಇದ್ದ ಊರು, ಅಣೆಕಟ್ಟು ಎದ್ದ ದಿನ ತನಗೆ ತಾನೇ ಕೆಳಗಿನದಾಗುತ್ತದೆ. ಅಂದು ನಲ್ಲಿ ತಿರುಗಿಸಿದವರು ನದೀಮೂಲ ಕೇಳದೆ ಇರಲಾರರು. ಅದಕ್ಕೆ ಮೊದಲೇ ಕೇಳಿದರೆ ಬೈರಮಂಗಲದ ರೈತನಿಗೂ ಮೆಟ್ಟೂರಿನ ಬೆಸ್ತನಿಗೂ ಉತ್ತರ ಕೊಟ್ಟಂತಾಗುತ್ತದೆ.

ಇತಿ,
ನಿಮ್ಮಂತೆಯೇ ಕಾವೇರಿಯನ್ನು ಕುಡಿದು ವೃಷಭಾವತಿಯನ್ನು ತುಂಬಿಸುತ್ತಿರುವ ಒಬ್ಬ ಬೆಂಗಳೂರಿಗ